ಸವೆಯದ ಕತ್ತಿಯೂ ಬಾಲವನದ ಕಾರಂತಜ್ಜನೂ

ಪುತ್ತೂರಿನಲ್ಲಿ ಮನಸ್ಸಿನ ನೆಮ್ಮದಿಯ ಬಗ್ಗೆ ಮಾತು ಬಂದರೆ ಯಾರೂ ಶಿವರಾಮ ಕಾರಂತರ ಹೆಸರು ಎತ್ತುವುದಿಲ್ಲ. ಅವರ ಹೆಸರು ಬರುವುದು ಕಾದಂಬರಿಯ ವಿಷಯ ಬಂದಾಗ, ಯಕ್ಷಗಾನದ ವಿಷಯ ಬಂದಾಗ, ಜ್ಞಾನಪೀಠದ ವಿಷಯ ಬಂದಾಗ. ಇವೆಲ್ಲಕ್ಕಿಂತ ಹೆಚ್ಚಾಗಿ ಸಿಟ್ಟಿನ ವಿಷಯ ಬಂದಾಗ. ಬಿಳಿ ಕೂದಲಿನ, ಯಾರ ಮುಲಾಜಿಗೂ ಬೀಳದ, ಕೆರಳಿದರೆ ಎದುರಿಗಿರುವವರು ದೊಡ್ಡವರೋ ಸಣ್ಣವರೋ ಎಂದು ನೋಡದ ಅಜ್ಜ. ನಮ್ಮ ಕಡೆಯ ಹಿರಿಯರು ಹೇಳುವ ಕಾರಂತರು ಇವರೇ. ಆದರೂ ಆರೋಗ್ಯ ಮತ್ತು ಒಳಗಿನ ಶಾಂತಿಯ ಬಗ್ಗೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಚೀನಾದ ಕೆಲವರು ಯೋಚಿಸಿದ್ದನ್ನು ಓದುತ್ತಾ ಹೋದಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಇದೇ ಸಿಡುಕಿನ ಮನುಷ್ಯ.

ನಾನು ಕಡಬ ತಾಲೂಕಿನ ಒಂದು ಹಳ್ಳಿಯವರ ಮನೆಯ ಕುಡಿ. ಪುತ್ತೂರಿನಲ್ಲಿ ಡಿಗ್ರಿ ಮುಗಿಸಿ ಎರಡು ವರ್ಷ ದಾಟಿತು. ಈಗ ನನ್ನಂಥವರ ದೊಡ್ಡ ಗುಂಪೇ ಇದೆ. ಬೆಳಿಗ್ಗೆ ಬಸ್ಸು ಹತ್ತಿ ಪೇಟೆಯ ಗ್ರಂಥಾಲಯಕ್ಕೆ ಬರುವವರು, ಸಾಮಾನ್ಯ ಜ್ಞಾನದ ಪುಸ್ತಕಕ್ಕೆ ಬಣ್ಣದ ಗೆರೆ ಎಳೆಯುವವರು, ಸಂಜೆ ಮತ್ತೆ ಬಸ್ಸು ಹಿಡಿಯುವವರು. ಒಂದು ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಇನ್ನೊಂದರ ಫಲಿತಾಂಶ ಬರುವುದಿಲ್ಲ, ಮತ್ತೊಂದಕ್ಕೆ ವಯೋಮಿತಿ ಮುಗಿಯುತ್ತಾ ಬರುತ್ತದೆ. ರಾತ್ರಿ ನಿದ್ದೆ ಬಾರದ ಕತೆ ನಮ್ಮಲ್ಲಿ ಯಾರಿಗೂ ಹೊಸತಲ್ಲ. ಜತೆಗೆ ಕೂತು ಓದುತ್ತಿದ್ದ ಒಬ್ಬಳು ಕಳೆದ ವರ್ಷ ಊಟ ಬಿಟ್ಟಳು, ಮಾತು ಬಿಟ್ಟಳು, ಕೊನೆಗೆ ಬರುವುದನ್ನೂ ಬಿಟ್ಟಳು. ಈಗ ಚಿಕಿತ್ಸೆಯಲ್ಲಿದ್ದಾಳೆ, ಸ್ವಲ್ಪ ವಾಸಿ. ಅವಳಿಂದಾಗಿಯೇ ನಮ್ಮಲ್ಲಿ ಹಲವರು ನೆಮ್ಮದಿಯನ್ನು ಹುಡುಕತೊಡಗಿದೆವು. ಮೊಬೈಲಿನಲ್ಲಿ ಉಸಿರಾಟದ ವಿಡಿಯೋ ನೋಡಿದವರಿದ್ದಾರೆ, ಬೆಳಿಗ್ಗೆ ಐದಕ್ಕೆ ಏಳುವ ಶಪಥ ಮಾಡಿದವರಿದ್ದಾರೆ. ನಾನು ಕಪಾಟಿನಲ್ಲಿ ಕಂಡ ಯು.ಆರ್. ಅನಂತಮೂರ್ತಿಯವರ ‘ದಾವ್ ದ ಜಿಂಗ್’ ತೆಗೆದುಕೊಂಡೆ. ಲಾವೋತ್ಸೆಯದು ಎನ್ನಲಾಗುವ ಪುಟ್ಟ ಚೀನೀ ಪುಸ್ತಕದ ಕನ್ನಡ ರೂಪ ಅದು. ಅದರ ಬೆನ್ನು ಹಿಡಿದು ಚುವಾಂಗ್ ತ್ಸು ಎಂಬ ಇನ್ನೊಬ್ಬ ದಾವ್ ಚಿಂತಕನ ಕತೆಗಳಿಗೂ ಹೋದೆ.

ಚುವಾಂಗ್ ತ್ಸು ಪುಸ್ತಕದ ಮೂರನೆಯ ಅಧ್ಯಾಯದ ಹೆಸರೇ ಬದುಕನ್ನು ಪೋಷಿಸುವ ಬಗೆ ಎಂಬರ್ಥದ್ದು. ಆರೋಗ್ಯದ ಬಗ್ಗೆ ಪಥ್ಯ, ಕಷಾಯ, ವ್ಯಾಯಾಮದ ಪಟ್ಟಿ ಇರಬಹುದು ಎಂದುಕೊಂಡು ತೆರೆದರೆ ಸಿಗುವುದು ಒಬ್ಬ ಅಡುಗೆಯವನ ಕತೆ. ಅವನು ದೊರೆಯ ಮುಂದೆ ಎತ್ತಿನ ಮಾಂಸ ಬಿಡಿಸುತ್ತಿದ್ದಾನೆ. ಸಾಧಾರಣ ಕೆಲಸಗಾರ ತಿಂಗಳಿಗೊಮ್ಮೆ ಕತ್ತಿ ಬದಲಿಸುತ್ತಾನೆ, ಏಕೆಂದರೆ ಅವನು ಮೂಳೆಯ ಮೇಲೆ ಬಡಿಯುತ್ತಾನೆ. ನುರಿತವನು ವರ್ಷಕ್ಕೊಮ್ಮೆ ಬದಲಿಸುತ್ತಾನೆ. ಇವನ ಕತ್ತಿಗೆ 19 ವರ್ಷ, ಸಾವಿರಾರು ಎತ್ತುಗಳನ್ನು ಬಿಡಿಸಿದೆ, ಆದರೂ ಈಗಷ್ಟೇ ಮಸೆದಂತಿದೆ. ಅವನು ಮೂಳೆಗೆ ಹೊಡೆಯುವುದಿಲ್ಲ, ಸಂದಿಗಳಲ್ಲಿ ಕತ್ತಿ ಆಡಿಸುತ್ತಾನೆ. ತೊಡಕಿನ ಜಾಗ ಬಂದರೆ ನಿಧಾನಿಸುತ್ತಾನೆ. ಕೆಲಸ ಮುಗಿದ ಮೇಲೆ ಕತ್ತಿ ಒರೆಸಿ ಇಟ್ಟುಬಿಡುತ್ತಾನೆ. ಇಷ್ಟು ಕೇಳಿದ ದೊರೆ, ಬದುಕನ್ನು ಹೇಗೆ ಕಾಪಾಡಿಕೊಳ್ಳಬೇಕೆಂಬುದು ತನಗೆ ತಿಳಿಯಿತು ಎನ್ನುತ್ತಾನೆ.

ಈ ಕತೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದು. ಕತ್ತಿಯನ್ನು ಸವೆಯದಂತೆ ಉಳಿಸಲು ಅವನು ಅದನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಲಿಲ್ಲ. ದಿನವೂ ಬಳಸಿದ. ದಾವ್ ಎಂದರೆ ಕೈಕಟ್ಟಿ ಕೂರುವುದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಬಲವಂತ ಮಾಡದೆ, ವಸ್ತುವಿನ ಸ್ವಭಾವವನ್ನು ಅರಿತು ಕೆಲಸ ಮಾಡುವುದು. ಅಡಿಕೆ ಕೊಯ್ಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನುರಿತವರು ಒಂದು ಮರ ಏರಿದರೆ ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ಮರದ ತುದಿ ಓಲಾಡುತ್ತದಲ್ಲ, ಆ ಓಲಾಟದ ಜತೆಯಲ್ಲೇ ತಾವೂ ಓಲಿ ಪಕ್ಕದ ಮರವನ್ನು ಹಿಡಿಯುತ್ತಾರೆ. ಮರದ ವಿರುದ್ಧ ಸೆಣಸಿದರೆ ತೋಳು ಸೋಲುತ್ತದೆ, ಮರವೂ ಮುರಿಯಬಹುದು.

ಚೀನಾದಲ್ಲಿ ಈ ವಿಚಾರ ಬರೀ ಕತೆಯಾಗಿ ಉಳಿಯಲಿಲ್ಲ. 1973ರಲ್ಲಿ ಛಾಂಗ್‌ಶಾ ನಗರದ ಹತ್ತಿರ ಮವಾಂಗ್‌ದುಯಿ ಎಂಬಲ್ಲಿ ಕ್ರಿಸ್ತಪೂರ್ವ 168ರ ಒಂದು ಸಮಾಧಿಯನ್ನು ಅಗೆದರು. ಅಲ್ಲಿ ಲಾವೋತ್ಸೆಯ ಪುಸ್ತಕದ ಎರಡು ಪ್ರತಿಗಳು ರೇಷ್ಮೆಯ ಮೇಲೆ ಬರೆದದ್ದು ಸಿಕ್ಕವು. ಅದರ ಜತೆಯಲ್ಲೇ ಇನ್ನೊಂದು ರೇಷ್ಮೆಯ ಪಟ. ಅದರಲ್ಲಿ ಗಂಡಸರು, ಹೆಂಗಸರು, ಮುದುಕರು, ಎಳೆಯರು ಕೈ ಚಾಚಿ, ಸೊಂಟ ಬಾಗಿಸಿ ವ್ಯಾಯಾಮ ಮಾಡುವ 44 ಚಿತ್ರಗಳು. ಚಿಂತನೆಯ ಪುಸ್ತಕ, ಮೈ ಬಗ್ಗಿಸುವ ಪಟ ಎರಡೂ ಒಂದೇ ಪೆಟ್ಟಿಗೆಯಲ್ಲಿ! ಮಿತವಾಗಿ ತಿನ್ನುವುದು, ಉಸಿರನ್ನು ನಿಧಾನಗೊಳಿಸುವುದು, ಮೈಯನ್ನು ಚಲನೆಯಲ್ಲಿ ಇಡುವುದು, ಬೇಡದ ಆಸೆಯನ್ನು ಕಳಚುವುದು, ಇವೆಲ್ಲ ಅವರಿಗೆ ಬೇರೆ ಬೇರೆ ವಿಷಯಗಳಾಗಿರಲಿಲ್ಲ.

ಇನ್ನು ಕಾರಂತರ ಕಡೆ ಬರೋಣ. ಅವರು ದಾವ್ ಪಂಥದವರಲ್ಲ. ಯಾವ ಪಂಥಕ್ಕೂ ಕಟ್ಟುಬಿದ್ದವರಲ್ಲ. ದೇವರು, ಪರಲೋಕದ ವಿಚಾರದಲ್ಲಿ ಕಣ್ಣಿಗೆ ಕಂಡದ್ದನ್ನು, ಬುದ್ಧಿಗೆ ನಿಲುಕಿದ್ದನ್ನು ಮಾತ್ರ ಒಪ್ಪುವ ಸ್ವಭಾವ. ಹಾಗಿರುವಾಗ ಅವರ ಬದುಕನ್ನು ಈ ಅಡುಗೆಯವನ ಕತ್ತಿಯ ಪಕ್ಕ ಇಡುವುದು ನನ್ನದೇ ಹುಚ್ಚು. ಅವರ ಆತ್ಮಕತೆಯ ಹೆಸರೂ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ತಾನೇ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯ ಅಸಹಕಾರ ಚಳವಳಿಯ ಕರೆ ಬಂತು. ಇಪ್ಪತ್ತು ತುಂಬುವ ಮೊದಲೇ ಕಾಲೇಜು ಬಿಟ್ಟರು. ಡಿಗ್ರಿ ಕೊನೆಯವರೆಗೂ ಆಗಲೇ ಇಲ್ಲ. ಮುಂದೆ ಹಲವು ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಟ್ಟವು ಎಂಬುದು ನಮ್ಮಂಥ ಅರ್ಜಿ ತುಂಬುವವರಿಗೆ ಸಮಾಧಾನ ಕೊಡುವ ಸುದ್ದಿಯೇನಲ್ಲ. ಈಗ ಡಿಗ್ರಿ ಇಲ್ಲದೆ ಅರ್ಜಿಯ ಮೊದಲ ಪುಟವೇ ದಾಟುವುದಿಲ್ಲ. ಆದರೆ ಅವರು ಬಿಟ್ಟ ರೀತಿ ಗಮನಿಸಬೇಕಾದದ್ದು. ಖಾದಿ ಮಾರಿದರು, ವಿಧವಾ ವಿವಾಹಕ್ಕಾಗಿ ಓಡಾಡಿದರು, ‘ವಸಂತ’ ಎಂಬ ಪತ್ರಿಕೆ ನಡೆಸಿದರು. ಕೆಲವು ವರ್ಷಗಳಾದ ಮೇಲೆ ಈ ದಾರಿ ತನ್ನದಲ್ಲ ಅನಿಸಿದಾಗ ಅದನ್ನೂ ಕೆಳಗಿಟ್ಟರು. ಇಷ್ಟು ವರ್ಷ ಕೊಟ್ಟೆನಲ್ಲ, ಇನ್ನು ಬಿಡುವುದು ಹೇಗೆ ಎಂದು ಅದಕ್ಕೇ ಜೋತು ಬೀಳಲಿಲ್ಲ.

ಮುಂದೆ ಸಿನಿಮಾ. ಮಾತಿನ ಚಿತ್ರಗಳು ಬರುವ ಹೊತ್ತಿಗೆ ಅವರು ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿಚಿತ್ರಗಳಿಗೆ ಕೈಹಾಕಿದ್ದರು. ಕೈ ಸುಟ್ಟಿತು. ಅದನ್ನೂ ಬಿಟ್ಟರು.

ಪುತ್ತೂರಿಗೆ ಅವರು ಬಂದು ನೆಲೆಯಾದದ್ದರಲ್ಲಿ ಮೊಳಹಳ್ಳಿ ಶಿವರಾಯರ ಪಾತ್ರ ದೊಡ್ಡದು. ನಮ್ಮ ಜಿಲ್ಲೆಯ ಸಹಕಾರಿ ಚಳವಳಿಗೆ ತಳಪಾಯ ಹಾಕಿದ ವಕೀಲರು ಅವರು. ಈಗಲೂ ಸೊಸೈಟಿಯಿಂದ ಗೊಬ್ಬರ ತರುವ, ಬೆಳೆ ಸಾಲ ಪಡೆಯುವ ನಮ್ಮ ಮನೆಗಳಿಗೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಅವರ ಋಣವಿದೆ. ಶಿವರಾಯರೂ ಕಾರಂತರೂ ಸೇರಿ ಪುತ್ತೂರಿನಲ್ಲಿ ದಸರಾ ನಾಡಹಬ್ಬ ನಡೆಸಿದರು. ಆಗ ನಾವು ಮದ್ರಾಸು ಪ್ರಾಂತ್ಯಕ್ಕೆ ಸೇರಿದವರು. ಕನ್ನಡ ನಾಡು ಎಂಬುದಿನ್ನೂ ಕನಸು. ಆ ದಿನಗಳಲ್ಲಿ ಕನ್ನಡದ ಸಾಹಿತಿಗಳನ್ನು, ಕಲಾವಿದರನ್ನು ಕರೆಸಿ ಇಲ್ಲಿಯ ಜನರ ಮುಂದೆ ನಿಲ್ಲಿಸಿದರು.

ಪೇಟೆಯ ಹೊರಗೆ, ಪರ್ಲಡ್ಕದ ಗುಡ್ಡದ ಮೇಲೆ, ಬಾಲವನ ಎದ್ದದ್ದು ಈ ಕಾಲದಲ್ಲೇ. ಹೆಸರೇ ಹೇಳುವಂತೆ ಮಕ್ಕಳ ಕಾಡು. ಮಕ್ಕಳು ಪಾಠ ಬಾಯಿಪಾಠ ಮಾಡುವ ಬದಲು ಆಡುತ್ತಾ, ಕುಣಿಯುತ್ತಾ, ನೋಡುತ್ತಾ ಕಲಿಯಲಿ ಎಂಬ ಆಸೆ. ಅಲ್ಲಿ ಶಾಲೆ ಮಾಡಿದರು, ರಂಗಮಂದಿರ ಮಾಡಿದರು, ಮುದ್ರಣಾಲಯ ಮಾಡಿದರು. ಶಾಲೆ ಹೆಚ್ಚು ಕಾಲ ನಡೆಯಲಿಲ್ಲ. ನಾನು ಲಾವೋತ್ಸೆಯನ್ನು ಓದಿದ ಮೇಲೆ ಈ ಬಾಲವನದ ವಿಷಯ ಬೇರೆಯೇ ಆಗಿ ಕಂಡಿತು. ಎಳೆಯ ಮಗುವಿನ ಹಾಗೆ ಮೃದುವಾಗಿರುವುದೇ ಬದುಕಿನ ಗುರುತು, ಒಣಗಿ ಬಿಗಿಯಾಗುವುದು ಸಾವಿನ ಗುರುತು ಎಂಬ ವಿಚಾರ ಆ ಪುಸ್ತಕದಲ್ಲಿ ಹಲವು ಕಡೆ ಬರುತ್ತದೆ. ಕಾರಂತರು ಅದನ್ನು ಗುಡ್ಡ ಕಡಿದು, ಗೋಡೆ ಕಟ್ಟಿ, ಸಾಲ ಮಾಡಿ ಪ್ರಯತ್ನಿಸಿದರು. ಶಾಲೆ ನಿಂತರೂ ಮಕ್ಕಳ ಕೆಲಸ ನಿಲ್ಲಲಿಲ್ಲ. ಅದು ‘ಬಾಲ ಪ್ರಪಂಚ’ ಎಂಬ ಮೂರು ಸಂಪುಟಗಳ ಪುಸ್ತಕವಾಯಿತು. ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವೂ ಬಂತು. ಒಂದು ಸಮಿತಿಯೇ ಕೂತು ಹತ್ತು ವರ್ಷ ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡಿದರು. ಗೋಡೆಯ ಒಳಗೆ ಆಗದಿದ್ದದ್ದು ಕಾಗದದ ಮೇಲೆ ಆಯಿತು. ಮೂಳೆ ಬಂದಲ್ಲಿ ಬಡಿಯದೆ ಸಂದಿ ಹುಡುಕುವುದೆಂದರೆ ಇದೇ ಇರಬೇಕು.

1936ರಲ್ಲಿ ಲೀಲಾ ಆಳ್ವ ಅವರನ್ನು ಮದುವೆಯಾದರು. ಬ್ರಾಹ್ಮಣ ಹುಡುಗ, ಬಂಟರ ಹುಡುಗಿ. ಈಗಲೂ ನಮ್ಮ ಕಡೆ ಇಂಥ ಮದುವೆಗೆ ಎರಡು ಮನೆಯ ಬಾಗಿಲು ಮುಚ್ಚುವುದುಂಟು. ಆಗ ಏನಾಗಿರಬೇಡ! ಅವರ ಕೆಲಸ ಅಷ್ಟು ವರ್ಷ ನಡೆದುಹೋದದ್ದರ ಹಿಂದೆ ಮನೆ ಹೊತ್ತವರು ಲೀಲಾ. ಕಾರಂತರ ಚೈತನ್ಯದ ಬಗ್ಗೆ ಬರೆಯುವವರು ಈ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ, ನಾನೂ ಬೇರೇನು ಮಾಡಿದಂತಾಗಲಿಲ್ಲ. ಆದರೆ ಮುಂದೆ ಅವರ ವಿಷಯ ಮತ್ತೆ ಬರುತ್ತದೆ.

ಕಾರಂತರು ಬರೆಯುತ್ತಿದ್ದ ವೇಗ ಎಲ್ಲರಿಗೂ ಗೊತ್ತಿರುವುದೇ. 1933ರ ‘ಚೋಮನ ದುಡಿ’ಯಂಥ ಕಾದಂಬರಿಯನ್ನು ಕೆಲವೇ ದಿನಗಳಲ್ಲಿ ಬರೆದು ಮುಗಿಸಿದರು. ನಲವತ್ತಕ್ಕೂ ಹೆಚ್ಚು ಕಾದಂಬರಿ, ನಾಟಕ, ನಿಘಂಟು, ಪ್ರವಾಸ ಕಥನ, ಯಕ್ಷಗಾನದ ಸಂಶೋಧನೆ. ಪುಸ್ತಕದ ಮುಖಪುಟದ ಚಿತ್ರವನ್ನೂ ಹಲವು ಬಾರಿ ತಾವೇ ಬಿಡಿಸಿದರು. ಇದನ್ನೆಲ್ಲ ಓದಿದಾಗ ನನಗೆ ಮೊದಲು ಆಯಾಸವೇ ಆಯಿತು. ಇಷ್ಟು ದುಡಿದವರು 95 ವರ್ಷ ಗಟ್ಟಿಯಾಗಿ ಬಾಳಿದ್ದು ಹೇಗೆ? ದಿನಕ್ಕೆ ಹದಿನಾಲ್ಕು ಗಂಟೆ ಓದುತ್ತೇವೆಂದು ಹೊರಟ ನಾವು ಇಪ್ಪತ್ತೈದಕ್ಕೇ ಕುತ್ತಿಗೆ ನೋವು, ಹೊಟ್ಟೆ ಉರಿ, ನಿದ್ರಾಹೀನತೆ ಎಂದು ಕೂತಿದ್ದೇವಲ್ಲ?

ನನಗೆ ತೋಚಿದ ಉತ್ತರ ಇಷ್ಟು. ಅವರ ಕೆಲಸ ಒಂದೇ ಜಾಗದಲ್ಲಿ ಉಜ್ಜುವ ಕೆಲಸವಾಗಿರಲಿಲ್ಲ. ಬರೆದು ಮುಗಿಸಿದರೆ ಮುಗಿಯಿತು, ಕುಣಿತಕ್ಕೆ ಹೋದರು. ಅಲ್ಲಿಂದ ಹಳ್ಳಿ ಸುತ್ತಾಟಕ್ಕೆ, ಶಿಲ್ಪ ನೋಡುವುದಕ್ಕೆ, ಚಿತ್ರ ಬಿಡಿಸುವುದಕ್ಕೆ. ಕೂತ ಕುರ್ಚಿಯಲ್ಲೇ ಕೂತು ಸವೆದವರಲ್ಲ. ಯಕ್ಷಗಾನದ ಹೆಜ್ಜೆಯನ್ನು ಬಾಯಲ್ಲಿ ಹೇಳದೆ ಕುಣಿದೇ ತೋರಿಸುವುದು ಮುಪ್ಪಿನಲ್ಲೂ ನಡೆದಿತ್ತು. ಮವಾಂಗ್‌ದುಯಿಯ ಪಟದಲ್ಲಿರುವ ಮುದುಕರ ಚಿತ್ರ ನೋಡಿದಾಗ ನನಗೆ ಕಂಡದ್ದು ಅದೇ. ಎರಡನೆಯದಾಗಿ, ಹಿಂದಿನ ಕೆಲಸದ ಹೊರೆಯನ್ನು ಅವರು ಮುಂದಿನ ಕೆಲಸಕ್ಕೆ ಹೊತ್ತು ತರಲಿಲ್ಲ. ಸಿನಿಮಾದಲ್ಲಿ ಸೋತ ಅವಮಾನ ಕಾದಂಬರಿಗೆ ಅಡ್ಡ ಬರಲಿಲ್ಲ. ಅಡುಗೆಯವನು ಕತ್ತಿ ಒರೆಸಿ ಇಟ್ಟಂತೆ. ನಮಗೆ ಸುಸ್ತಾಗುವುದು ಓದಿನಿಂದಲೋ, ಹಿಂದಿನ ಪರೀಕ್ಷೆಯ ಅಂಕ ದಿನವೂ ನೆನಪಿಸಿಕೊಳ್ಳುವುದರಿಂದಲೋ ಎಂದು ಒಮ್ಮೆ ಲೆಕ್ಕ ಹಾಕಿ ನೋಡಬಹುದು.

ಸುಳ್ಯ, ಕಡಬದ ಕಡೆಯವರಿಗೆ ಕಾರಂತರು ಇನ್ನೂ ಹತ್ತಿರದವರಾಗುವುದು ‘ಬೆಟ್ಟದ ಜೀವ’ದಿಂದ. 1943ರ ಕಾದಂಬರಿ. ಈಗ ಮೂರು ತಾಲೂಕುಗಳಾಗಿ ಹಂಚಿಹೋಗಿರುವ ಸೀಮೆ ಆಗ ಪುತ್ತೂರು ತಾಲೂಕೇ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ಪ್ರಯಾಣಿಕ ಗೋಪಾಲಯ್ಯ, ಶಂಕರಮ್ಮ ಎಂಬ ಮುದಿ ದಂಪತಿಯ ಮನೆ ಸೇರುತ್ತಾನೆ. ಗೋಪಾಲಯ್ಯ ಕಾಡು ಕಡಿದು ಅಡಿಕೆ ತೋಟ ಎಬ್ಬಿಸಿದವರು. ಆನೆ, ಹುಲಿ, ಮಳೆ, ಜ್ವರ ಯಾವುದಕ್ಕೂ ಜಗ್ಗದವರು. ಇದ್ದ ಒಬ್ಬ ಮಗ ಮನೆ ಬಿಟ್ಟು ಹೋಗಿದ್ದಾನೆ. ಆ ನೋವು ಮನೆಯ ಮೂಲೆ ಮೂಲೆಯಲ್ಲೂ ಇದೆ. ಆದರೂ ಬಂದ ಅತಿಥಿಗೆ ಎಣ್ಣೆ ಹಚ್ಚಿ ಬಿಸಿನೀರು ಸ್ನಾನ ಮಾಡಿಸುವ, ಹೊಟ್ಟೆ ತುಂಬ ಬಡಿಸುವ, ಹರಟೆಯಲ್ಲಿ ನಗಿಸುವ ಉತ್ಸಾಹಕ್ಕೆ ಕೊರತೆಯಿಲ್ಲ. ತಾನು ಬೆವರು ಸುರಿಸಿದ ನೆಲವನ್ನು ಹೆತ್ತ ಮಗನಲ್ಲದವನಿಗೆ ಒಪ್ಪಿಸುವುದಕ್ಕೂ ಮನಸ್ಸು ಸಿದ್ಧವಾಗಿದೆ.

ನನ್ನ ಅಜ್ಜನಂಥವರು ಓದಿದ್ದು ಐದೋ ಆರೋ ಕ್ಲಾಸು. ಆದರೆ ಗೋಪಾಲಯ್ಯ ಯಾರೆಂದು ಅವರಿಗೆ ವಿವರಿಸಬೇಕಾಗಿಲ್ಲ, ಆ ಕಾಲದ ಪ್ರತಿ ತೋಟದಲ್ಲೂ ಅಂಥ ಒಬ್ಬರಿದ್ದರು. ಇಲ್ಲಿ ಒಂದು ತಕರಾರನ್ನೂ ಹೇಳಬೇಕು. ದಾವ್ ಚಿಂತಕರು ಕಾಡನ್ನು ಕಡಿಯಲು ಒಪ್ಪುತ್ತಿದ್ದರೇ? ಚುವಾಂಗ್ ತ್ಸು ಪುಸ್ತಕದಲ್ಲಿ ಗಂಟುಗಂಟಾಗಿ ಬೆಳೆದ ಒಂದು ಮುದಿಮರದ ಕತೆಯಿದೆ. ಹಲಗೆಗೆ ಬಾರದು, ದೋಣಿಗೆ ಬಾರದು ಎಂದು ಬಡಗಿ ಅದನ್ನು ಬಿಟ್ಟುಹೋಗುತ್ತಾನೆ. ಉಪಯೋಗಕ್ಕೆ ಬಾರದ ಕಾರಣಕ್ಕೇ ಅದು ದೀರ್ಘಕಾಲ ಬದುಕಿತು. ಗೋಪಾಲಯ್ಯ ಇದಕ್ಕೆ ತದ್ವಿರುದ್ಧ. ಕುಮಾರಪರ್ವತದ ತಪ್ಪಲಲ್ಲಿ ಈಗ ಮಳೆಗಾಲದಲ್ಲಿ ಗುಡ್ಡ ಜಾರುವುದನ್ನು ನೋಡುವ ನಮಗೆ ಆ ಕಾದಂಬರಿಯನ್ನು ಹಳೆಯ ಮೆಚ್ಚುಗೆಯಲ್ಲೇ ಓದುವುದು ಕಷ್ಟ. ಆದರೆ ಕಾರಂತರೂ ಅಲ್ಲೇ ನಿಂತವರಲ್ಲ. ಇಳಿವಯಸ್ಸಿನಲ್ಲಿ ಪಶ್ಚಿಮ ಘಟ್ಟದ ಕಾಡು ಉಳಿಯಬೇಕೆಂದು, ಕೈಗಾದಲ್ಲಿ ಅಣುಸ್ಥಾವರ ಬೇಡವೆಂದು ಬೀದಿಗಿಳಿದವರು ಅವರೇ.

ಸಿಟ್ಟಿನ ವಿಷಯ ಹೇಳದೆ ಮುಂದೆ ಹೋದರೆ ಓದುವವರು ನಗುತ್ತಾರೆ. ದಾವ್ ಹೇಳುವ ಶಾಂತಿಯೆಲ್ಲಿ, ಕಾರಂತರ ಕೋಪವೆಲ್ಲಿ! ಹೌದು, ಈ ಒಂದು ಕಡೆ ನನ್ನ ಹೋಲಿಕೆ ಸರಿಯಾಗಿ ಕೂರುವುದಿಲ್ಲ. ಕೂರಿಸಲು ಒದ್ದಾಡುವುದೂ ಇಲ್ಲ. ಆದರೆ ಅವರ ಸಿಟ್ಟಿನಲ್ಲಿ ನನಗೆ ಕುತೂಹಲ ಹುಟ್ಟಿಸುವ ಒಂದು ಗುಣವಿದೆ. ಅದು ತಮಗೆ ಏನೋ ಸಿಗಲಿಲ್ಲವೆಂಬ ಸಿಟ್ಟಲ್ಲ. 1968ರಲ್ಲಿ ಪದ್ಮಭೂಷಣ ಬಂದಿತ್ತು. 1975ರಲ್ಲಿ ತುರ್ತುಪರಿಸ್ಥಿತಿ ಹೇರಿದಾಗ ಅದನ್ನು ಸರಕಾರಕ್ಕೆ ಹಿಂದಿರುಗಿಸಿದರು. ಕೈಗೆ ಬಂದದ್ದನ್ನು ಬಿಡಬಲ್ಲವನ ಕೋಪಕ್ಕೂ, ಕೈಗೆ ಬಾರದ್ದಕ್ಕೆ ಹಲುಬುವವನ ಕೋಪಕ್ಕೂ ವ್ಯತ್ಯಾಸವಿದೆ. ಎರಡನೆಯದು ಒಳಗೇ ಕೂತು ಹುಳಿಯುತ್ತದೆ. ಫಲಿತಾಂಶದ ದಿನ ನಮ್ಮ ಗ್ರಂಥಾಲಯದ ಮೆಟ್ಟಿಲ ಮೇಲೆ ಅದರ ವಾಸನೆ ಚೆನ್ನಾಗಿಯೇ ಬರುತ್ತದೆ.

ಈಗ ಲೀಲಾ ಅವರ ವಿಷಯ. ದಂಪತಿಗೆ ನಾಲ್ಕು ಮಕ್ಕಳು: ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ. ಹಿರಿಯ ಮಗ ಹರ್ಷ ಹರೆಯದಲ್ಲೇ ತೀರಿಕೊಂಡರು. ಪುತ್ತೂರಿನಿಂದ ಹೊರಬಂದ ಪುಸ್ತಕಗಳ ಮೇಲೆ ಪ್ರಕಾಶನದ ಹೆಸರಾಗಿ ಅಚ್ಚಾಗುತ್ತಿದ್ದದ್ದು ಅದೇ ಮಗನ ಹೆಸರು. ಆ ಸಾವಿನ ನಂತರ ಲೀಲಾ ಅವರ ಮನಸ್ಸು ತುಂಬ ನಲುಗಿತು. ಮಕ್ಕಳು ಮುಂದೆ ಬರೆದ ನೆನಪುಗಳಲ್ಲಿ ತಾಯಿಯ ಈ ನೋವಿನ ವಿಷಯವನ್ನು ಮುಚ್ಚಿಡಲಿಲ್ಲ. ಕಾರಂತರಿಗೆ ಆ ದುಃಖ ಇರಲಿಲ್ಲವೆಂದಲ್ಲ. ಅವರು ಅದನ್ನು ಕೆಲಸದೊಳಗೆ ಹೊತ್ತುಕೊಂಡು ಹೋದರು. ಲೀಲಾ ಅವರಿಗೆ ಅಂಥ ದಾರಿ ಇರಲಿಲ್ಲ. ಒಂದೇ ಮನೆ, ಒಂದೇ ಸಾವು, ಎರಡು ಜೀವಗಳ ಮೇಲೆ ಎರಡು ಬಗೆಯ ಏಟು.

ನನಗೆ ಈ ಭಾಗ ಬಹಳ ಮುಖ್ಯ. ಏಕೆಂದರೆ ಮನಃಶಾಂತಿಯ ಬಗ್ಗೆ ಬರೆಯುವವರು ಅದೊಂದು ಅಭ್ಯಾಸ, ಮನಸ್ಸು ಮಾಡಿದರೆ ಯಾರಿಗೂ ಸಾಧ್ಯ ಎಂಬಂತೆ ಬರೆಯುತ್ತಾರೆ. ನನ್ನ ಗೆಳತಿಗೂ ಹಾಗೆಯೇ ಬುದ್ಧಿ ಹೇಳಿದವರಿದ್ದರು. ಉಸಿರು ನಿಧಾನಗೊಳಿಸುವುದು ಒಳ್ಳೆಯದೇ, ನಡಿಗೆ ಒಳ್ಳೆಯದೇ, ದಾವ್ ಓದುವುದೂ ಒಳ್ಳೆಯದೇ. ಆದರೆ ಕಾಯಿಲೆ ಕಾಯಿಲೆಯೇ. ಅದಕ್ಕೆ ವೈದ್ಯರು ಬೇಕು. ಮಾಳವಿಕಾ ಕಪೂರ್ ಅವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಶ್ಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿದರು. ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನದಿಂದ ಜಗತ್ತಿಗೇ ಪರಿಚಿತರು. ಇನ್ನೊಂದು ಕಾಕತಾಳೀಯ: ಕಾರಂತರ ಹುಟ್ಟುಹಬ್ಬವಾದ ಅಕ್ಟೋಬರ್ 10ನ್ನು 1992ರಿಂದ ವಿಶ್ವ ಮಾನಸಿಕ ಆರೋಗ್ಯ ದಿನವಾಗಿಯೂ ಆಚರಿಸುತ್ತಾರೆ. 2022ರ ಅದೇ ದಿನ ಕೇಂದ್ರ ಸರಕಾರ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಶುರುಮಾಡಿತು. ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು, ಹಗಲು ರಾತ್ರಿ ಯಾವಾಗಲೂ. ಸಾಮಾನ್ಯ ಜ್ಞಾನಕ್ಕೆಂದಾದರೂ ಬರೆದಿಟ್ಟುಕೊಳ್ಳಿ.

ನಲವತ್ತು ವರ್ಷ ಬಾಳಿದ ಪುತ್ತೂರನ್ನು ಕಾರಂತರು 1974ರಲ್ಲಿ ಬಿಟ್ಟರು. ವಯಸ್ಸು ಎಪ್ಪತ್ತು ದಾಟಿತ್ತು. ಹುಟ್ಟೂರಿಗೆ ತಾಗಿದ ಸಾಲಿಗ್ರಾಮಕ್ಕೆ ಹೋಗಿ ನೆಲೆಸಿದರು. ನಮ್ಮಲ್ಲಿ ಆ ವಯಸ್ಸಿನವರು ಮನೆಯ ಕೋಣೆ ಬದಲಿಸಲೂ ಒಪ್ಪುವುದಿಲ್ಲ. ತಾನೇ ಎಬ್ಬಿಸಿದ ಬಾಲವನ, ತಾನೇ ನೆಟ್ಟ ಮರ, ಅಷ್ಟೆಲ್ಲ ಪುಸ್ತಕ ಹುಟ್ಟಿದ ಕೋಣೆ, ಎಲ್ಲವನ್ನೂ ಬಿಟ್ಟು ಹೊರಟರು. ಕೆಲಸ ಮುಗಿದ ಮೇಲೆ ಅಲ್ಲಿಂದ ಸರಿಯುವುದೇ ಸರಿಯಾದ ದಾರಿ ಎಂಬ ಅರ್ಥದ ಮಾತು ಲಾವೋತ್ಸೆಯಲ್ಲಿದೆ. ಕತೆಯ ಪ್ರಕಾರ ಲಾವೋತ್ಸೆಯೂ ತನ್ನ ಪುಸ್ತಕವನ್ನು ಗಡಿಯ ಕಾವಲುಗಾರನಿಗೆ ಬರೆದುಕೊಟ್ಟು ಪಶ್ಚಿಮಕ್ಕೆ ಹೋಗಿಬಿಟ್ಟವನು. ಕಾರಂತರು ಹೋದದ್ದು ಮಾಯವಾಗಲಲ್ಲ, ಇನ್ನೊಂದು ಸುತ್ತು ಶುರುಮಾಡಲು. ಉಡುಪಿಯ ಯಕ್ಷಗಾನ ಕೇಂದ್ರದ ಕಲಾವಿದರ ಜತೆ ಹೊಸ ಪ್ರಯೋಗ ಮಾಡಿದರು, ತಂಡ ಕಟ್ಟಿಕೊಂಡು ವಿದೇಶಕ್ಕೆ ಹೋದರು. 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ ಬಂದದ್ದೂ ಸಾಲಿಗ್ರಾಮಕ್ಕೆ ಹೋದ ಮೇಲೆಯೇ. ಇಳಿವಯಸ್ಸಿನಲ್ಲಿ ಅವರು ಹೇಳುವುದು, ಮಾಲಿನಿ ಮಲ್ಯರು ಬರೆದುಕೊಳ್ಳುವುದು, ಹೀಗೆ ಕೆಲಸ ಮುಂದುವರಿಯಿತು. ಕೈ ನಿಧಾನವಾದರೆ ಬಾಯಿ, ಮತ್ತೆ ಸಂದಿ ಹುಡುಕಿದ್ದೇ.

1986ರಲ್ಲಿ ಲೀಲಾ ತೀರಿಕೊಂಡರು. ಅಂಥ ಜತೆ ಕಳೆದುಕೊಂಡ ಮುದುಕ ಚಾವಡಿಯಲ್ಲಿ ಕೂತು ಉಳಿದ ದಿನ ಎಣಿಸುತ್ತಾನೆ ಎಂದುಕೊಂಡರೆ, ಮೂರು ವರ್ಷಗಳ ನಂತರ ಇವರು ಲೋಕಸಭೆ ಚುನಾವಣೆಗೆ ನಿಂತರು. 1989, ಉತ್ತರ ಕನ್ನಡ ಕ್ಷೇತ್ರ. ವಿಷಯ ಪರಿಸರ. ಗೆಲ್ಲಲಿಲ್ಲ. ಗೆಲ್ಲುವುದಿಲ್ಲವೆಂದು ಗೊತ್ತಿದ್ದೂ ನಿಲ್ಲುವುದರಲ್ಲಿ ಎಂಥ ನೆಮ್ಮದಿ ಇದೆ ಎಂದು ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಎರಡು ಲಕ್ಷ ಜನ ಬರೆಯುವ ಪರೀಕ್ಷೆಗೆ ಕೂರುವ ನಮಗೆ ಅದು ತೀರ ದೂರದ ವಿಷಯವಲ್ಲ.

ಪರ್ಲಡ್ಕದ ಬಾಲವನ ಈಗ ಸರಕಾರದ ಉಸ್ತುವಾರಿಯಲ್ಲಿದೆ. ಅವರಿದ್ದ ಮನೆಯನ್ನು ದುರಸ್ತಿ ಮಾಡಿ ಉಳಿಸಿದ್ದಾರೆ, ಪಕ್ಕದಲ್ಲಿ ಈಜುಕೊಳವಿದೆ. ರಜೆಯಲ್ಲಿ ಪೇಟೆಯ ಮಕ್ಕಳ ಗದ್ದಲ ಜೋರು. ಅಲ್ಲಿಗೆ ಹೋದರೆ ಜಾಸ್ತಿ ಹೊತ್ತು ಓದಲು ಆಗುವುದಿಲ್ಲ, ಮರದ ಕೆಳಗೆ ಸುಮ್ಮನೆ ಕೂರುವ ಮನಸ್ಸಾಗುತ್ತದೆ. ಪುತ್ತೂರು ಬಸ್‌ ನಿಲ್ದಾಣದಿಂದ ನಡೆದೇ ಹೋಗಬಹುದು, ಗುಡ್ಡ ಏರುವಾಗ ಸ್ವಲ್ಪ ಏದುಸಿರು ಬರುತ್ತದೆ ಅಷ್ಟೆ.

ಕಾರಂತರು ತೀರಿಕೊಂಡದ್ದು 1997ರ ಡಿಸೆಂಬರ್ 9ರಂದು, ಮಣಿಪಾಲದಲ್ಲಿ. 95 ತುಂಬಿ ಎರಡು ತಿಂಗಳಾಗಿತ್ತು. ಕೊನೆಯ ದಿನಗಳಲ್ಲಿ ಅವರು ಕೈಗೆತ್ತಿಕೊಂಡಿದ್ದ ಪುಸ್ತಕ ಕಾದಂಬರಿಯಲ್ಲ, ಆತ್ಮಕತೆಯ ಇನ್ನೊಂದು ಭಾಗವೂ ಅಲ್ಲ. ಹಕ್ಕಿಗಳ ಬಗ್ಗೆ ಬರೆದ ಪುಸ್ತಕ. ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಅಚ್ಚು ಹಾಕಿ ಹೊರತಂದದ್ದು ಅವರು ಹೋದ ಮೇಲೆ.